ಹಟ್ಟೆವ್ವನ ತಲೆಗೆ ಅವರಿಕೆ ಹೂವು

ಮೊನ್ನೆ ನಮ್ಮ ಮನೆಗೆ ಕೊರಿಯರ್‌ನಲ್ಲಿ ಒಂದು ಪೊಟ್ಟಣ ಬಂತು. ನನ್ನ ಸಕ್ಕರೆ ಕಾಯಿಲೆಗೆಂದು ಸೊಸೆ ಮೊಬೈಲಿನಲ್ಲಿ ಅದೇನೇನೋ ಒತ್ತಿ ತರಿಸಿದ್ದಳು. ಕತ್ತರಿ ಹಾಕಿ ಬಾಯಿ ಬಿಚ್ಚಿದರೆ ಒಳಗೆ ಒಣಗಿದ ಹಳದಿ ಹೂವು. ಮೂಗಿಗೆ ಹಿಡಿದೆ ನೋಡಿ, ಅಯ್ಯ ಶಿವನೇ, ಅವರಿಕೆ!

"ಅತ್ತೀ, ಇದನ್ನ ದಿನಾ ಒಂದು ಚಮಚ ನೀರಾಗ ಕುದಿಸಿ ಕುಡೀಬೇಕಂತ್ರಿ. ಭಾಳ ದೂರದಿಂದ ಬಂದೈತಿ" ಎಂದಳು ಸೊಸೆ.

ನಾನು ನಕ್ಕ ಜೋರಿಗೆ ಒಲೆಯ ಹತ್ತಿರ ಮಲಗಿದ್ದ ಬೆಕ್ಕು ಎದ್ದು ಹೊರಗೆ ಓಡಿತು. ಭಾಳ ದೂರದಿಂದಂತೆ! ಚಿಕ್ಕವಳಿದ್ದಾಗ ಈ ಹೂವನ್ನು ಉಡಿ ತುಂಬ ಕಿತ್ತು, ಅರ್ಧ ದಾರಿಯಲ್ಲಿ ಚೆಲ್ಲಿ, ಮತ್ತೆ ಹಿಂದಕ್ಕೆ ಹೋಗಿ ಇನ್ನೊಂದು ಉಡಿ ಕಿತ್ತು ತಂದವಳು ನಾನು. ಈಗ ಅದೇ ಹೂವು ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಮೈಮೇಲೆ ಇಂಗ್ಲಿಷ್ ಅಕ್ಷರ ಬರೆಸಿಕೊಂಡು, ನನ್ನ ಸಹಿ ಪಡೆದು ಮನೆಯೊಳಗೆ ಬಂದಿತ್ತು. ನಾನು ಅದನ್ನು ಕುದಿಸಲಿಲ್ಲ. ಜಗಲಿಯ ಮೇಲೆ ಕೂತು ಸುಮ್ಮನೆ ಮೂಸುತ್ತಿದ್ದೆ.

ನಿಮ್ಮಲ್ಲಿ ಕೆಲವರು ಇದಕ್ಕೆ ತಂಗಡಿ ಎನ್ನುತ್ತೀರಿ, ಪುಸ್ತಕ ಓದಿದವರು ಹೊನ್ನಾವರಿಕೆ ಎನ್ನುತ್ತಾರೆ. ನನ್ನ ತವರು ಹತ್ತಿಮತ್ತೂರಿನಲ್ಲಿ ಅವರಿಕಿ ಅಂದರೆ ಮುಗಿಯಿತು. ನಮ್ಮ ಎರೆಹೊಲದ ಬದುವಿನ ಮೇಲೆ ಎದೆಯೆತ್ತರದ ಒಂದು ಪೊದೆ ಇತ್ತು. ಯಾರೂ ನೆಟ್ಟಿದ್ದಲ್ಲ, ಯಾರೂ ಒಂದು ತಂಬಿಗೆ ನೀರು ಹಾಕಿದ್ದಲ್ಲ. ನೆಲ ಬಾಯಿ ಬಿಟ್ಟ ಕಾಲದಲ್ಲೂ ಅದರ ಮೈತುಂಬ ಹಳದಿ ಹೂವು. ಆಡುಗಳು ಹತ್ತಿರ ಬಂದು ಮೂಸಿ, ಮುಖ ತಿರುಗಿಸಿ ಹೋಗುತ್ತಿದ್ದವು. ಒಣಗಿದ ಕಾಯಿಗಳನ್ನು ಕಾಲಿಗೆ ಕಟ್ಟಿಕೊಂಡು ಕುಣಿದರೆ ಗಿಲಗಿಲ ಎನ್ನುತ್ತಿದ್ದವು. ನನಗೆ ಬೆಳ್ಳಿಯ ಗೆಜ್ಜೆ ಬಂದದ್ದು ಎಷ್ಟೋ ವರ್ಷಗಳ ನಂತರ.

ಬಿಸಿಲು ಜೋರಾದಾಗ ಅಪ್ಪ ಅದರ ಎಲೆ ತರಿದು ರುಮಾಲಿನೊಳಗೆ ತುಂಬಿಕೊಳ್ಳುತ್ತಿದ್ದ. ತಲೆ ತಣ್ಣಗಿರುತ್ತದೆಯಂತೆ. ಅಪ್ಪ ಮಾಡಿದ್ದನ್ನೆಲ್ಲ ಮಾಡುವ ಚಟ ನನಗೆ. ಒಂದು ದಿನ ಜಡೆಯೊಳಗೆ ಎಲೆ ತುರುಕಿಕೊಂಡು ಶಾಲೆಗೆ ಹೋದೆ. ಎಲೆಯ ಜೊತೆ ಒಂದು ಹಸಿರು ಹುಳವೂ ಶಾಲೆಗೆ ಬಂದಿತ್ತು. ನಾನು ನಿಂತು ಮೂರರ ಮಗ್ಗಿ ಒಪ್ಪಿಸುವಾಗ ಅದು ಮೆಲ್ಲಗೆ ಕಿವಿಯ ಹಿಂದೆ ಇಳಿಯಿತು. ಮೂರೇಳಲಿ ಎಂದವಳು ಇಪ್ಪತ್ತೊಂದು ಎನ್ನುವ ಬದಲು ಅವ್ವಾ ಎಂದು ಚೀರಿದೆ. ಮುಂದೆ ನಾನೇ ಟೀಚರಾಗಿ, ಸವಣೂರಿನ ಶಾಲೆಯಲ್ಲಿ ವರ್ಷಗಟ್ಟಲೆ ಮಗ್ಗಿ ಹೇಳಿಸಿದೆ. ಈಗಲೂ ಮೂರೇಳಲಿ ಬಂದರೆ ಕೈ ಕಿವಿಗೆ ಹೋಗುತ್ತದೆ.

ಆದರೆ ಅವರಿಕೆ ಹೂವಿನ ನಿಜವಾದ ದಿನ ಎಂದರೆ ದೀಪಾವಳಿಯ ಪಾಡ್ಯ. ಅವತ್ತು ಬೆಳಿಗ್ಗೆ ಸಗಣಿಯಿಂದ ಪಾಂಡವರೆಂಬ ಸಣ್ಣ ಗೊಂಬೆಗಳನ್ನು ಮಾಡಿ ಬಾಗಿಲು, ಹಿತ್ತಲು, ದನದ ಹಟ್ಟಿ ಎಲ್ಲ ಕಡೆ ಇಡುತ್ತೇವೆ. ಎಲ್ಲರಿಗಿಂತ ದೊಡ್ಡವಳು ಹಟ್ಟೆವ್ವ, ಹಟ್ಟಿಯ ತಾಯಿ. ಅವಳ ತಲೆಗೆ ಅವರಿಕೆ ಹೂವು ಇಟ್ಟು ಪೂಜೆಯಾದ ಮೇಲೆಯೇ ಎತ್ತುಗಳ ಹಗ್ಗ ಬಿಚ್ಚಬೇಕು, ಅವು ಹೊರಗೆ ಹೋದ ಮೇಲೆಯೇ ಮನೆಯವರು ಬಾಯಿಗೆ ತುತ್ತು ಇಡಬೇಕು. ಮತ್ತು ಆ ಹೂವು ಇಡುವ ಕೈ ಮನೆಯ ಹೆಣ್ಣುಮಗಳದ್ದೇ ಆಗಬೇಕು. ಅದು ನಮ್ಮ ಮನೆತನದ ಪದ್ಧತಿ. ಮದುವೆಯಾಗಿ ಹಾನಗಲ್ಲಿಗೆ ಬಂದ ಮೇಲೂ ಒಂದು ಪಾಡ್ಯವನ್ನೂ ನಾನು ತಪ್ಪಿಸಿರಲಿಲ್ಲ.

ಇನ್ನು ನನ್ನ ಬಾಯಿಯ ಪ್ರತಾಪ ಹೇಳುತ್ತೇನೆ, ಕೇಳಿ.

ಹೋದ ವರ್ಷ ನಾಗರ ಪಂಚಮಿಗೆ ತವರಿಗೆ ಹೋದೆ. ಮನೆ, ಹೊಲ ಈಗ ನನ್ನ ತಮ್ಮ ಈರಪ್ಪನದು. ಉಂಡಿ ತಿನ್ನುವ ಮೊದಲು ಹೊಲದ ಕಡೆ ಒಂದು ಸುತ್ತು ಹಾಕೋಣವೆಂದು ಹೋದರೆ ಬದುವೇ ಇಲ್ಲ! ಈ ತುದಿಯಿಂದ ಆ ತುದಿಯ ತನಕ ಸಪಾಟು. ಓಡೋಡಿ ಮನೆಗೆ ಬಂದೆ. ಈರಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿ ನೆರೆಯವರ ಜೊತೆ ಕೂತಿದ್ದ.

"ಈರಪ್ಪಾ, ಬದುವಿನ ಮ್ಯಾಲಿನ ಅವರಿಕಿ ಗಿಡಾ ಎಲ್ಲೋ?"

"ಜೆಸಿಬಿ ತರಿಸಿ ಕಿತ್ತ ಒಗದೇನಿ ಅಕ್ಕಾ. ಸುಮ್ನ ಜಾಗಾ ತಿಂತಿತ್ತು. ಈಗ ನೋಡು, ಎರಡು ಸಾಲು ಹೆಚ್ಚಿಗಿ ಬಿತ್ತೇನಿ."

"ಎರಡು ಸಾಲಿನ ಸಲುವಾಗಿ ಹಟ್ಟೆವ್ವನ ಹೂವಾ ಕಿತ್ತಿ?"

"ಅದೇನ್ ಮಲ್ಲಿಗಿ ಗಿಡಾನ? ಕಸಾ ಅದು. ಪ್ಯಾಟ್ಯಾಗ ಚೆಂಡು ಹೂವ ಸಿಗತಾವ, ತಂದ ಇಟ್ರಾತು."

ಕಸ! ಆ ಒಂದು ಮಾತಿಗೆ ನನ್ನ ನೆತ್ತಿ ಹತ್ತಿ ಉರಿಯಿತು. "ಹಂಗಾರ ಕೇಳು. ಹಟ್ಟೆವ್ವನ ತಲಿ ಮ್ಯಾಲ ಅವರಿಕಿ ಹೂವ ಕಾಣೋ ತನಕ ನಾ ಈ ಹೊಸ್ತಿಲಾ ತುಳಿಯಾಂಗಿಲ್ಲ. ತುಳದ್ರ ನಾ ಅಪ್ಪನ ಮಗಳ ಅಲ್ಲ!"

ಕಟ್ಟೆಯ ಮೇಲಿದ್ದ ನಾಲ್ಕೂ ಮಂದಿ ಬಾಯಿ ತೆರೆದುಕೊಂಡು ಕೂತರು. ಈರಪ್ಪನೂ ಹಟಮಾರಿ. "ನಿನ್ನ ಮರ್ಜಿ" ಎಂದು ಮುಖ ತಿರುಗಿಸಿದ. ಚೀಲ ಎತ್ತಿಕೊಂಡು ಸೀದಾ ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸು ಬರುವ ಹೊತ್ತಿಗೆ ಸಿಟ್ಟು ಇಳಿಯಿತು, ಶೇಂಗಾ ಉಂಡಿಯ ನೆನಪು ಏರಿತು. ಆದರೆ ನಾಲ್ಕು ಜನರ ಮುಂದೆ ಆಡಿದ ಮಾತು. ಹೂವು ಸಿಗದಿದ್ದರೆ ತವರಿನ ಬಾಗಿಲು ನನಗೆ ನಾನೇ ಮುಚ್ಚಿಕೊಂಡಂತೆ. ಅವತ್ತು ಬಸ್ಸಿನಲ್ಲಿ ಹಾನಗಲ್ ತನಕ ಅತ್ತೆ, ಸುಳ್ಳು ಯಾಕೆ ಹೇಳಲಿ.

ದೀಪಾವಳಿಗೆ ಹದಿನೈದು ದಿನ ಇರುವಾಗ ಹುಡುಕಾಟ ಸುರುವಾಯಿತು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆ ಕಾರ್ಡಿನ ಮೂಲೆಗಳು ಸವೆಯುವಷ್ಟು ತಿರುಗಿದೆ. ಮೊದಲು ಹತ್ತಿರದ ಆಡೂರು. ಅಲ್ಲಿ ಎತ್ತ ನೋಡಿದರೂ ಭತ್ತ, ಗೋವಿನಜೋಳ. ಗುಡಿಯ ಹತ್ತಿರ ಕೂತ ಹಿರಿಯರೊಬ್ಬರನ್ನು ಕೇಳಿದೆ.

"ಚಾಲುಕ್ಯರ ಕಾಲದ ಶಾಸನಾ ಬೇಕಾದ್ರ ತೋರಸ್ತೇನಿ ಬರ್ರಿ. ಅವರಿಕಿ ಗಿಡಾ ಮಾತ್ರ ಕೇಳಬ್ಯಾಡ್ರಿ" ಎಂದರು ಅವರು.

ಆಮೇಲೆ ಹಿರೇಕೆರೂರು. ಅಲ್ಲಿ ಸಸಿ ಮಾರುವವನೊಬ್ಬ ಹಳದಿ ಗಂಟೆ ಹೂವಿನ ಕುಂಡ ತಂದು ಎದುರಿಗಿಟ್ಟ. "ಇದೂ ಹಳದೀನ ಐತಲ್ರಿ ಅವ್ವಾರ. ವರ್ಷಪೂರ್ತಿ ಹೂವ ಬಿಡ್ತೈತಿ" ಎಂದ. ಹಳದಿಯಾಗಿದ್ದರೆ ಸಾಕೇ? ಹಾಗಾದರೆ ಅರಿಸಿನದ ಪುಡಿ ಚೆಲ್ಲಿದರೂ ಆಗುತ್ತಿತ್ತಲ್ಲ. ಅವನಿಗೆ ಅವರಿಕೆಯ ಬಗ್ಗೆ ಒಂದು ಪಾಠವನ್ನೇ ಮಾಡಿದೆ. ಪಾಪ, ಗಿರಾಕಿಗಳು ಕಾಯುತ್ತಿದ್ದರೂ ಕೇಳಿಸಿಕೊಂಡ.

ಶಿಗ್ಗಾಂವಿ ಕಡೆಗೆ ಹೋದ ದಿನದ ಮರ್ಯಾದೆ ಕಳೆದ ಕಥೆ ಬೇರೆ. ತಡಸದ ಹತ್ತಿರ ಕಿಟಕಿಯಿಂದ ನೋಡುತ್ತಿದ್ದವಳಿಗೆ ದೂರದ ಬೇಲಿಯ ಮೇಲೆ ಹಳದಿ ಕಂಡಿತು. ಅಷ್ಟು ಹಳದಿ ಬೇರೆ ಯಾವುದಕ್ಕೂ ಇರಲು ಸಾಧ್ಯವಿಲ್ಲ! "ನಿಲ್ಲಸ್ರೀ! ನಿಲ್ಲಸ್ರೀ!" ಎಂದು ಎದ್ದು ನಿಂತು ಕೂಗಿದೆ. ಯಾರಿಗೋ ಏನೋ ಆಯಿತೆಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಇಳಿದು, ಸೀರೆ ಎತ್ತಿ ಹಿಡಿದು, ಕೆಸರು ದಾಟಿ ಓಡಿದೆ. ಯಾರೋ ಪುಣ್ಯಾತ್ಗಿತ್ತಿ ಮುಳ್ಳುಬೇಲಿಯ ಮೇಲೆ ಹಳದಿ ಸೀರೆ ಒಣಹಾಕಿದ್ದಳು. ವಾಪಸ್ ಬಂದು ಬಸ್ ಹತ್ತಿದಾಗ ಕಂಡಕ್ಟರ್ ಕೇಳಿದ, "ಸೀರಿ ಪಸಂದ ಬಂತೇನ್ರಿ ಅವ್ವಾರ?" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಹಬ್ಬಕ್ಕೆ ಎರಡು ದಿನ ಉಳಿಯಿತು. ಕೊನೆಗೆ ಸವಣೂರಿನ ಮುಮ್ತಾಜಳಿಗೆ ಫೋನ್ ಮಾಡಿದೆ, ಅಳುವುದೊಂದು ಬಾಕಿ. ಮುಮ್ತಾಜ್ ಮತ್ತು ನಾನು ಒಂದೇ ಶಾಲೆಯಲ್ಲಿ ಕಲಿಸಿದವರು, ಒಂದೇ ಡಬ್ಬಿಯಲ್ಲಿ ಉಂಡವರು.

"ಅಯ್ಯ ಹುಚ್ಚಿ, ಮೊದಲ ನನಗ ಕೇಳಾಕ ಏನಾಗಿತ್ತು ನಿನಗ?" ಎಂದಳು ಅವಳು. "ನಮ್ಮ ಖಬರಸ್ತಾನದಾಗ ಇಷ್ಟೆತ್ತರ ಬೆಳದ ನಿಂತೈತಿ. ಅಲ್ಲಿ ಯಾರ ರಂಟಿ ಹೊಡೀತಾರ, ಯಾರ ಜೆಸಿಬಿ ತರ್ತಾರ? ಅಮಾಸಿ ದಿನಾ ಬಾ, ರಾತ್ರಿ ಇಲ್ಲೇ ಇರು. ಮುಂಜಾನೆ ತಾಜಾ ಹೂವ ತಗೊಂಡ ಹೋಗು."

ಪಾಡ್ಯದ ದಿನ ಬೆಳಕು ಹರಿಯುತ್ತಿದ್ದಂತೆ ಸ್ನಾನ ಮಾಡಿ ಹೊರಟೆವು. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿ ಅಲ್ಲಿಲ್ಲ. ಕಾಂಪೌಂಡಿನ ಹೊರಗೆ ನಾವಿಬ್ಬರೂ ಕತ್ತು ಉದ್ದ ಮಾಡಿ ನಿಂತೆವು. ಮುಮ್ತಾಜಳ ಗಂಡ ಇಮಾಮಸಾಬರು ಚಪ್ಪಲಿ ಬಿಟ್ಟು ಒಳಗೆ ಹೋದರು. ಅಬ್ಬಬ್ಬಾ, ಆ ಗಿಡ! ಸಾಲು ಗೋರಿಗಳ ನಡುವೆ ಒಂದಲ್ಲ, ಐದಾರು ಪೊದೆಗಳು, ಟೊಂಗೆ ಟೊಂಗೆಗೂ ಗೊಂಚಲು, ಮೇಲೆ ಇಬ್ಬನಿ. ನಾನು ಕೈಯೆತ್ತಿ ಕುಣಿಯುವುದೊಂದು ಬಾಕಿ. ಮುಮ್ತಾಜ್ ನನ್ನ ಸೆರಗು ಹಿಡಿದು ಜಗ್ಗಿದಳು. "ಸೈಲೆಂಟ್ ಇರು, ಮಲಗಿದವ್ರು ಎದ್ದಾರು!"

"ಸಾಹೇಬ್ರ, ನಾ ಹಿಂಗ ತಗೊಂಡ ಹೋದ್ರ ಯಾರರ ಏನರ ಅಂತಾರೇನ್ರಿ?" ಎಂದು ಕೇಳಿದೆ.

"ಇಲ್ಲಿದ್ದವ್ರು ಯಾರೂ ಇವತ್ತಿನ ತನಕಾ ಯಾವದಕ್ಕೂ ಬ್ಯಾಡ ಅಂದಿಲ್ರಿ ಟೀಚರ್" ಎಂದರು ಇಮಾಮಸಾಬರು ಗಂಭೀರವಾಗಿ. ನೆಲಕ್ಕೆ ಬೀಳದ ಹಾಗೆ ಒಂದೊಂದೇ ರೆಂಬೆ ಮುರಿದು ಗೋಡೆಯ ಮೇಲಿಂದ ಕೊಟ್ಟರು. ಬಟ್ಟೆಯ ಚೀಲ ತುಂಬಿತು. ಮುಮ್ತಾಜ್ ಇನ್ನೊಂದು ಚೀಲದಲ್ಲಿ ಸವಣೂರಿನ ಹೆಸರುವಾಸಿ ತಿಂಡಿ ಖಾರಾ ಕಟ್ಟಿ, "ನಿನ್ನ ತಮ್ಮಗ ಕೊಡು, ಸಿಟ್ಟು ಇಳೀತೈತಿ" ಎಂದು ಕೈಗಿಟ್ಟಳು.

ಹಬ್ಬದ ಬಸ್ಸು, ಕಾಲಿಡಲು ಜಾಗವಿಲ್ಲ. ಎಲ್ಲ ಹೆಣ್ಣುಮಕ್ಕಳೇ. ಹೂವಿನ ಚೀಲವನ್ನು ಮೇಲಿನ ಜಾಲರಿಯ ಮೇಲೆ ಇಟ್ಟೆ, ತೊಡೆಯ ಮೇಲಾದರೆ ನುಗ್ಗಾಗುತ್ತದೆಂದು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಈರಪ್ಪನ ಎದುರಿಗೆ ನಿಂತು ಏನು ಅನ್ನಬೇಕು? "ನೋಡೋ, ನಿನ್ನ ಕಸಾ" ಎನ್ನಲೇ, ಅಥವಾ ಏನೂ ಅನ್ನದೆ ಚೀಲ ಬಿಚ್ಚಿ ತೋರಿಸಲೇ? ಮಾತುಗಳನ್ನು ಜೋಡಿಸುತ್ತ, ಬಿಚ್ಚುತ್ತ, ಹತ್ತಿಮತ್ತೂರು ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಕೂಗಿದಾಗ ದಡಬಡಿಸಿ ಇಳಿದೆ.

ಮನೆಯ ಅಂಗಳಕ್ಕೆ ಬಂದರೆ ನಾನು ಎಣಿಸಿದಂತೆ ಏನೂ ಇರಲಿಲ್ಲ. ಹೊತ್ತು ಏರಿತ್ತು. ಊರಿನ ಎತ್ತುಗಳೆಲ್ಲ ಕೋಡಿಗೆ ಬಣ್ಣ ಬಳಿಸಿಕೊಂಡು ಓಣಿಗೆ ಬಂದಿದ್ದವು. ನಮ್ಮ ಎತ್ತುಗಳು ಮಾತ್ರ ಇನ್ನೂ ಹಟ್ಟಿಯಲ್ಲಿ ಕಟ್ಟಿದಲ್ಲೇ ನಿಂತು ಒದರುತ್ತಿದ್ದವು. ಹಟ್ಟೆವ್ವ ಕೂತಿದ್ದಳು, ಸುತ್ತ ಉತ್ತರಾಣಿ ಕಡ್ಡಿ, ಜೋಳದ ಎಲೆ, ಮೊಸರು, ಎಲ್ಲ ಇತ್ತು. ತಲೆ ಮಾತ್ರ ಬೋಳು. ಪಕ್ಕದ ಬುಟ್ಟಿಯಲ್ಲಿ ಚೆಂಡು ಹೂವು ಮುಟ್ಟದೆ ಬಿದ್ದಿದ್ದವು. ಈರಪ್ಪನ ಹೆಂಡತಿ ನನ್ನನ್ನು ಕಂಡವಳೇ ಓಡಿ ಬಂದಳು.

"ಬರ್ರಿ ಅಕ್ಕಾರ, ಪುಣ್ಯಾ ಬಂತು! ನಸುಕಿನಿಂದ ಯಾರಿಗೂ ಒಂದು ಹನಿ ಚಾ ಕುಡಿಯಾಕ ಬಿಟ್ಟಿಲ್ರಿ ಇವ್ರು. ಅಕ್ಕಾ ಹೂವ ತರ್ತಾಳ, ಅಲ್ಲೀತನಕಾ ಎತ್ತು ಬಿಡಾಂಗಿಲ್ಲ ಅಂತ ಕುಂತಾರ."

ಈರಪ್ಪ ಹಟ್ಟಿಯ ಕಂಬಕ್ಕೆ ಒರಗಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ. "ಲಗೂ ಇಡು ಅಕ್ಕಾ. ಎತ್ತು ಹಸದಾವು" ಎಂದ, ಅಷ್ಟೇ.

ಜೋಡಿಸಿಟ್ಟ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಚೀಲದೊಳಗೆ ಕೈ ಹಾಕಿದೆ. ಕೈಗೆ ಬಂದದ್ದು ಖಾರಾ.

ಇನ್ನೊಮ್ಮೆ ಕೈ ಹಾಕಿದೆ. ಮತ್ತೂ ಖಾರಾ. ಹೂವಿನ ಚೀಲ ಬಸ್ಸಿನ ಜಾಲರಿಯ ಮೇಲೆಯೇ ಉಳಿದಿತ್ತು! ನಾಲ್ಕು ತಾಲೂಕು ತಿರುಗಿದವಳು, ಸೀರೆ ಕಂಡು ಬಸ್ ನಿಲ್ಲಿಸಿದವಳು, ಖಬರಸ್ತಾನದ ಗೋಡೆ ಹತ್ತುವುದೊಂದನ್ನು ಬಿಟ್ಟವಳು, ಕೊನೆಗೆ ಖಾರಾ ಹಿಡಿದುಕೊಂಡು ಹಟ್ಟೆವ್ವನ ಮುಂದೆ ನಿಂತಿದ್ದೆ. "ಹೂವಾ ಬಸ್ಸಿನ್ಯಾಗ ಉಳೀತೋ ಈರಪ್ಪಾ" ಎಂದು ಅಳುತ್ತ ಅಲ್ಲೇ ಕುಸಿದು ಕೂತೆ.

ಈರಪ್ಪ ಹೊರಗೆ ಹೋಗಿ ಮೋಟರ್ ಸೈಕಲ್ ಒದ್ದು ಸುರು ಮಾಡಿದ. "ಹತ್ತು" ಎಂದ.

ಆ ಸವಾರಿ ಇದೆಯಲ್ಲ, ಅಂಥದ್ದನ್ನು ನಾನು ಮತ್ತೆ ಮಾಡಲಾರೆ. ಒಂದು ಕೈಯಲ್ಲಿ ಅವನ ಅಂಗಿ, ಇನ್ನೊಂದು ಕೈಯಲ್ಲಿ ಹಾರುವ ಸೆರಗು. "ಜೋರ್ ಹೊಡಿಯೋ!" ಎಂದು ನಾನು, "ಸುಮ್ನ ಕುಂಡ್ರು, ಬೀಳ್ತಿ!" ಎಂದು ಅವನು. ಚಿಕ್ಕವರಿದ್ದಾಗ ಚಕ್ಕಡಿಯ ಹಿಂದೆ ಕೂತು ಹೀಗೆಯೇ ಜಗಳವಾಡುತ್ತಿದ್ದೆವು. ತಿಂಗಳುಗಟ್ಟಲೆ ಮಾತು ಬಿಟ್ಟವರು ಎಂಬುದೇ ಇಬ್ಬರಿಗೂ ಮರೆತುಹೋಯಿತು. ಮುಂದಿನ ಊರಿನ ಅಗಸಿ ಬಾಗಿಲಲ್ಲಿ ಬಸ್ಸು ಸಿಕ್ಕಿತು. ಸಿಂಗಾರಗೊಂಡ ಎತ್ತುಗಳು ರಸ್ತೆ ತುಂಬ ನಿಂತು ಅದಕ್ಕೆ ದಾರಿ ಬಿಟ್ಟಿರಲಿಲ್ಲ. ಎತ್ತುಗಳಿಗೆ ಕೈಮುಗಿದು ಬಸ್ಸು ಹತ್ತಿದೆ.

ಹತ್ತಿ ನೋಡಿದರೆ, ಏನು ಹೇಳಲಿ! ಇಡೀ ಬಸ್ಸು ಹಳದಿ. ಮುದುಕಿಯರ ತುರುಬಿನಲ್ಲಿ, ಹುಡುಗಿಯರ ಜಡೆಯಲ್ಲಿ, ಕಂಕುಳ ಕೂಸಿನ ಕಿವಿಯ ಮೇಲೆ, ಎಲ್ಲೆಲ್ಲೂ ನನ್ನ ಅವರಿಕೆ. ಜಾಲರಿಯ ಮೇಲೆ ಖಾಲಿ ಚೀಲ ಜೋತಾಡುತ್ತಿತ್ತು.

"ನಿಮ್ಮ ಹೂವೇನ್ರಿ? ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ" ಎಂದಳು ಮುಂದೆ ಕೂತವಳು. "ಯಾರೋ ಬಿಟ್ಟು ಹೋಗ್ಯಾರ ಅಂದ್ಕೊಂಡ್ವಿ. ಅವರಿಕಿ ಹೂವ ನೋಡಿ ಎಷ್ಟ ವರ್ಷ ಆಗಿತ್ರಿ! ನಮ್ಮೂರಾಗ ಒಂದೂ ಗಿಡಾ ಉಳದಿಲ್ಲ."

ಅವರ ಮೇಲೆ ಸಿಟ್ಟು ಬರಲಿಲ್ಲ, ಸಂತೋಷವೇ ಆಯಿತು. ಆದರೆ ಮುಡಿದ ಹೂವು ದೇವರಿಗೆ ನಡೆಯುವುದಿಲ್ಲ. ಹಟ್ಟೆವ್ವನ ತಲೆ ಇನ್ನೂ ಬೋಳು.

ಆಗ ಹಿಂದಿನಿಂದ ಈರಪ್ಪನ ದನಿ ಕೇಳಿಸಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ, ತಲೆಯ ಮೇಲಿನ ಟೊಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ.

"ಅವ್ವಾರ, ಅಕ್ಕಾರ, ಯಾರರ ಒಬ್ಬರ ಹತ್ರ ಮುಡೀಲಾರದ ಹೂವ ಇದ್ರ ಕೊಡ್ರಿ. ನಮ್ಮ ಬದುವಿನ ಗಿಡಾ ನಾನ ಕಿತ್ತೇನಿ. ತಪ್ಪ ನಂದು. ಅದಕ್ಕ ನಮ್ಮಕ್ಕ ತವರಮನಿ ಬಿಟ್ಟಾಳ. ಕೈ ಮುಗೀತೇನ್ರಿ."

ನಾಲ್ಕು ಜನರ ಮುಂದೆ ನಾನು ಆಣೆ ಹಾಕಿದ್ದೆ. ಅವನು ಒಂದು ಬಸ್ಸಿನ ಹೆಣ್ಣುಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡ. ಹಿಂದಿನ ಸೀಟಿನಿಂದ ಒಬ್ಬ ಅಜ್ಜಿ ಎದ್ದು ಬಂದಳು. ಉಡಿ ಬಿಚ್ಚಿದಳು. ತನ್ನ ಮನೆಯ ಹಟ್ಟೆವ್ವನಿಗೆಂದು ಒಂದು ರೆಂಬೆಯನ್ನು ಮುಡಿಯದೆ ಜೋಪಾನ ಮಾಡಿದ್ದಳು. ಅದನ್ನು ನಡುವೆ ಮುರಿದು, ಹೂವು ಹೆಚ್ಚಿದ್ದ ಅರ್ಧವನ್ನು ಈರಪ್ಪನ ಟೊಪಿಗೆಯೊಳಗೆ ಹಾಕಿದಳು. "ಹೋಗಪಾ, ಅಕ್ಕನ್ನ ಮನೀಗ ಕರಕೊಂಡ ಹೋಗು" ಎಂದಳು.

ಮನೆಗೆ ಬಂದು ಹಟ್ಟೆವ್ವನ ತಲೆಗೆ ಹೂವು ಇಟ್ಟೆ. ಆರತಿಯಾಯಿತು, ಹಗ್ಗ ಬಿಚ್ಚಿದ್ದೇ ತಡ ಎತ್ತುಗಳು ಅಂಗಳ ದಾಟಿ ಓಡಿದವು. ಮಕ್ಕಳು ಹೋಳಿಗೆಯ ಬುಟ್ಟಿಯ ಕಡೆಗೆ ಓಡಿದರು. ಹಟ್ಟಿ ಖಾಲಿಯಾಯಿತು. ತಿರುಗಿ ನೋಡಿದರೆ ಈರಪ್ಪ ಒಬ್ಬನೇ ಹಟ್ಟೆವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ. ಆ ರೆಂಬೆಯಲ್ಲಿ ಹೂವಿನ ಕೆಳಗೆ ಎರಡು ಒಣಗಿದ ಕಾಯಿಗಳಿದ್ದವು. ಹೂವಿಗೆ ಕೈ ತಾಗದಂತೆ ಅವನ್ನು ಬಿಡಿಸಿಕೊಂಡ. ಉಗುರಿನಿಂದ ಸೀಳಿ, ಬೀಜಗಳನ್ನು ಅಂಗೈಗೆ ಉದುರಿಸಿ, ಒಂದೂ ಕೆಳಗೆ ಬೀಳದ ಹಾಗೆ ಅಂಗಿಯ ಜೇಬಿಗೆ ಹಾಕಿಕೊಂಡ.

ನಾನು ಏನೂ ನೋಡದವಳಂತೆ ಹೊಸ್ತಿಲು ದಾಟಿ ಒಳಗೆ ಹೋದೆ.